ಒಂದೇ ಊರಲ್ಲಿ ನಿಲ್ಲು, ಮಗು

ಮಗು,

ಹೋದ ಭಾನುವಾರ ಲ್ಯಾಪ್‌ಟಾಪ್ ತೆರೆದು ನೀನು ತೋರಿಸಿದ ಪಟ್ಟಿ ಇನ್ನೂ ನನ್ನ ಕಣ್ಣ ಮುಂದಿದೆ. ಇಪ್ಪತ್ನಾಲ್ಕು ದಿನ, ನಾಲ್ಕು ಊರು, ಎರಡು ದೇಶ. ಜೂನ್ 11ಕ್ಕೆ ಮೆಕ್ಸಿಕೊ ಸಿಟಿಯಲ್ಲಿ ವಿಶ್ವಕಪ್ ಶುರುವಾಗುವುದನ್ನು ನೋಡುವುದು, ಆಮೇಲೆ ಅರ್ಜೆಂಟೀನಾದ ಬೆನ್ನು ಹಿಡಿದು ಕಾನ್ಸಾಸ್ ಸಿಟಿ, ಅಲ್ಲಿಂದ ಡಲ್ಲಾಸ್, ಗೆದ್ದರೆ ಮಯಾಮಿ. ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿ ಎಷ್ಟು ಚೆನ್ನಾಗಿ ಜೋಡಿಸಿದ್ದೆ! ಆಗ ನಾನು ಏನೂ ಹೇಳಲಿಲ್ಲ. ನಿನ್ನ ಮುಖದಲ್ಲಿದ್ದ ಸಂಭ್ರಮಕ್ಕೆ ಅಡ್ಡ ಬರಲು ಮನಸ್ಸಾಗಲಿಲ್ಲ. ಮನೆಗೆ ಬಂದ ಮೇಲೆ ಸುಮ್ಮನಿರಲೂ ಆಗಲಿಲ್ಲ, ಅದಕ್ಕೇ ಈ ಕಾಗದ.

ನನ್ನ ಮಾತು ಇಷ್ಟೇ: ಒಂದೇ ಊರಲ್ಲಿ ನಿಲ್ಲು. ತಂಡದ ಹಿಂದೆ ಓಡಬೇಡ.

ಯಾಕೆ ಅಂದರೆ, ನಾನು ಓಡಿದ್ದೇನೆ. 2018ರಲ್ಲಿ, ನನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ಹದಿನೈದು ವರ್ಷ ಕೂಡಿಟ್ಟ ದುಡ್ಡು ತೆಗೆದು ರಷ್ಯಾಕ್ಕೆ ಹೋದೆ. ನನ್ನದು ಜರ್ಮನಿ. ಹಿಂದಿನ ಸಲ ಕಪ್ ಗೆದ್ದ ತಂಡ, ಗುಂಪಿನಲ್ಲಿ ಮೊದಲ ಸ್ಥಾನ ಬಂದೇ ಬರುತ್ತದೆ ಎಂದು ಲೆಕ್ಕ ಹಾಕಿ, ಜುಲೈ 3ರ ಸೇಂಟ್ ಪೀಟರ್ಸ್‌ಬರ್ಗ್ ಪಂದ್ಯಕ್ಕೂ ಮೊದಲೇ ಟಿಕೆಟ್ ಕೊಂಡಿದ್ದೆ. ಜೂನ್ 17ಕ್ಕೆ ಮಾಸ್ಕೊದಲ್ಲಿ ಮೆಕ್ಸಿಕೊ ಎದುರು ಸೋತೆವು. 23ಕ್ಕೆ ಸೋಚಿಯಲ್ಲಿ ಕ್ರೂಸ್ 95ನೇ ನಿಮಿಷದಲ್ಲಿ ಹೊಡೆದ ಗೋಲು ಜೀವ ಉಳಿಸಿತು. 27ಕ್ಕೆ ಕಜಾನ್‌ನಲ್ಲಿ ದಕ್ಷಿಣ ಕೊರಿಯಾ ಕೊನೆಯ ನಿಮಿಷಗಳಲ್ಲಿ ಎರಡು ಗೋಲು ಹೊಡೆದು ನಮ್ಮನ್ನು ಮನೆಗೆ ಕಳಿಸಿತು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಾನು ನೋಡಿದ್ದು ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಆಡಿದ್ದನ್ನು.

ಸೋತದ್ದಕ್ಕೆ ಈಗ ಬೇಸರವಿಲ್ಲ. ನಾಲ್ಕು ಊರಿಗೆ ಹೋಗಿ ಒಂದೂರನ್ನೂ ನೋಡದೆ ಬಂದೆನಲ್ಲ, ಅದರ ಸಂಕಟ ಇವತ್ತಿಗೂ ಇದೆ. ಫ್ಯಾನ್ ಐಡಿ ಇದ್ದವರಿಗೆ ಊರಿಂದ ಊರಿಗೆ ಉಚಿತ ರೈಲು ಬಿಟ್ಟಿದ್ದರು; ಆ ಬರ್ತಿನ ಮೇಲೇ ನನ್ನ ರಷ್ಯಾ ಕಳೆದುಹೋಯಿತು. ಕಜಾನ್‌ನಲ್ಲಿ ಕೋಟೆಯೊಳಗೆ ನೀಲಿ ಗುಮ್ಮಟದ ಮಸೀದಿಯಿದೆ, ಟ್ಯಾಕ್ಸಿಯ ಕಿಟಕಿಯಿಂದ ಕಂಡಷ್ಟೇ ಕಂಡೆ. ಹರ್ಮಿಟಾಜ್ ಮ್ಯೂಸಿಯಂ ಎದುರು ಚೀಲ ಹೊತ್ತು ನಿಂತಿದ್ದೆ, ಒಳಗೆ ಹೋಗಲು ಹೊತ್ತಿರಲಿಲ್ಲ. ಮತ್ತೆ ಅಲ್ಲಿಗೆ ಹೋಗುವ ಶಕ್ತಿ ನನಗಿಲ್ಲ.

ಈ ಸಲದ ವಿಶ್ವಕಪ್ ಅದಕ್ಕಿಂತ ದೊಡ್ಡದು. 48 ತಂಡ, 104 ಪಂದ್ಯ, ಮೂರು ದೇಶಗಳ 16 ಊರು. ವ್ಯಾಂಕೂವರ್‌ಗೂ ಮೆಕ್ಸಿಕೊ ಸಿಟಿಗೂ ಇರುವ ಅಂತರ ನಮ್ಮ ಕನ್ಯಾಕುಮಾರಿಯಿಂದ ಕಾಶ್ಮೀರದ ಅಂತರಕ್ಕಿಂತ ಹೆಚ್ಚು. ಉಚಿತ ರೈಲಿಲ್ಲ, ಪ್ರತಿ ನೆಗೆತಕ್ಕೂ ವಿಮಾನ. ಆದ್ದರಿಂದ ನಿನ್ನ ಪಟ್ಟಿಯ ಮೊದಲ ಸಾಲು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಅಳಿಸು ಎನ್ನುತ್ತೇನೆ.

ಇನ್ನೊಂದು ಕಾರಣ ನಿನ್ನ ಜೊತೆ ಹೊರಟಿರುವ ಗೆಳೆಯ. ಕಂಪನಿ ಕೆಲಸದ ಮೇಲೆ ಹೋಗಿಬಂದಿದ್ದರಿಂದ ನಿನ್ನ ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಇದೆ, ಅವನಿಗಿಲ್ಲ. ಪಂದ್ಯದ ಟಿಕೆಟ್ ಇದೆ ಎಂದ ಮಾತ್ರಕ್ಕೆ ಯಾವ ದೇಶವೂ ವೀಸಾ ಕೊಡಲೇಬೇಕೆಂದಿಲ್ಲ. ಮೆಕ್ಸಿಕೊ ಒಂದೇ ಆದರೆ ತೊಡಕು ಕಡಿಮೆ: ಅಮೆರಿಕದ ಚಾಲ್ತಿ ವೀಸಾ ಇರುವ ನಿನಗೆ ಅಲ್ಲಿ ಬೇರೆ ವೀಸಾ ಬೇಕಿಲ್ಲ, ಅವನು ಮೆಕ್ಸಿಕೊ ವೀಸಾವೊಂದಕ್ಕೆ ಅರ್ಜಿ ಹಾಕಿದರೆ ಸಾಕು. ಒಂದೇ ಊರು ಎಂದರೆ ಇಬ್ಬರೂ ಜೊತೆಗೆ ಹೋಗಿ ಜೊತೆಗೆ ಬರುತ್ತೀರಿ. ಮೊದಲು ವೀಸಾ, ಆಮೇಲೆ ವಿಮಾನ. ಆ ವಿಮಾನದ ವಿಷಯದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಕೇಳಿಸಿಕೊ: ಹ್ಯೂಸ್ಟನ್ನೋ ಡಲ್ಲಾಸೋ ಬದಲಿಸಿ ಹೋಗುವ ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಎಂದು ಅವನಿಗೆ ಕೊಳ್ಳಬೇಡ. ಅಮೆರಿಕದ ನೆಲದಲ್ಲಿ ಎರಡು ಗಂಟೆ ಕಾಯುವುದಕ್ಕೂ ನಮ್ಮವರಿಗೆ ವೀಸಾ ಬೇಕು. ಬೆಂಗಳೂರಿನ ಕೌಂಟರಿನಲ್ಲೇ ಅವನನ್ನು ನಿಲ್ಲಿಸುತ್ತಾರೆ, ನೀನು ಒಳಗೆ ಹೋಗುತ್ತೀ, ಅವನು ಹೊರಗೆ ಉಳಿಯುತ್ತಾನೆ. ಯುರೋಪಿನ ಮೇಲೆ ಹೋಗುವುದಾದರೂ ವಿಮಾನ ಬದಲಿಸುವ ದೇಶದ ನಿಯಮವನ್ನು ಆ ದೇಶದ ರಾಯಭಾರ ಕಚೇರಿಯ ಮಾಹಿತಿಯಲ್ಲೇ ಓದಿ ನೋಡು, ಏಜೆಂಟ್ ಬಾಯಿಮಾತು ನಂಬಬೇಡ.

ಪಂದ್ಯದ ಟಿಕೆಟನ್ನು ಫಿಫಾದಿಂದಲೇ ಕೊಳ್ಳು. ಗುಂಪುಗಳಲ್ಲಿ ಸ್ಕ್ರೀನ್‌ಶಾಟ್ ಕಳಿಸಿ ದುಡ್ಡು ಕೇಳುವವರ ಹತ್ತಿರ ಮಾತಿಗೂ ನಿಲ್ಲಬೇಡ. ಮೆಕ್ಸಿಕೊ ಸಿಟಿಯಲ್ಲಿ ಐದೇ ಪಂದ್ಯ. ಮೊದಲನೆಯದು ಮೆಕ್ಸಿಕೊ, ದಕ್ಷಿಣ ಆಫ್ರಿಕಾ ನಡುವೆ. ಅದಕ್ಕೆ ಸಾಲ ಮಾಡಬೇಡ. ಆ ಮಧ್ಯಾಹ್ನ ಸೋಕಲೊ ಎಂಬ ದೊಡ್ಡ ಚೌಕದಲ್ಲಿ, ಪರದೆಯ ಮುಂದೆ, ಆ ಊರಿನ ಜನರ ನಡುವೆ ನಿಂತು ನೋಡು. ನೀನು ಕ್ರೀಡಾಂಗಣಕ್ಕೆ ಹೋಗಬೇಕಾದ ದಿನ ಜೂನ್ 17. ಉಜ್ಬೇಕಿಸ್ತಾನ ತನ್ನ ಮೊದಲ ವಿಶ್ವಕಪ್ ಪಂದ್ಯವನ್ನು ಕೊಲಂಬಿಯಾ ಎದುರು ಆಡುತ್ತದೆ. ನಮ್ಮ ಖಂಡದ ಒಂದು ದೇಶದ ರಾಷ್ಟ್ರಗೀತೆ ಅಲ್ಲಿ ಮೊದಲ ಸಲ ಮೊಳಗುವಾಗ ಎದ್ದು ನಿಲ್ಲುವ ಅವಕಾಶ, ಮೆಸ್ಸಿಯ ಇನ್ನೊಂದು ಪಂದ್ಯಕ್ಕಿಂತ ಕಡಿಮೆಯದೆಂದು ನನಗನಿಸುವುದಿಲ್ಲ.

ಅದೂ ಎಂಥ ಜಾಗದಲ್ಲಿ! ಹೆಸರು ಏನೇ ಬದಲಾದರೂ ಜನರ ಬಾಯಲ್ಲಿ ಅದು ಆಸ್ತೆಕಾ. ಜ್ವಾಲಾಮುಖಿಯ ಲಾವಾ ಹೆಪ್ಪುಗಟ್ಟಿದ ಕಲ್ಲಿನ ಮೇಲೆ ಕಟ್ಟಿ 1966ರಲ್ಲಿ ತೆರೆದರು. 1970ರಲ್ಲಿ ಪೆಲೆ, 1986ರಲ್ಲಿ ಮರಡೋನಾ ಕಪ್ ಗೆದ್ದದ್ದು ಅಲ್ಲೇ. ಮೂರು ವಿಶ್ವಕಪ್ ಕಾಣುತ್ತಿರುವ ಮೊದಲ ಕ್ರೀಡಾಂಗಣ. 1986ರ ಜೂನ್ 22ರಂದು ಅರ್ಜೆಂಟೀನಾ ಇಂಗ್ಲೆಂಡ್ ಪಂದ್ಯ ಅಲ್ಲಿ ನಡುಮಧ್ಯಾಹ್ನ, ನಮಗೆ ರಾತ್ರಿ ಹನ್ನೊಂದೂವರೆ. ಶ್ರೀರಾಮಪುರದ ವಠಾರದಲ್ಲಿ ಮಾಲೀಕರ ಮನೆಯ ಕಪ್ಪು ಬಿಳುಪು ಟೀವಿಯ ಮುಂದೆ ಮೂವತ್ತು ಜನ ಕೂತಿದ್ದೆವು. ನಿಮ್ಮಪ್ಪನಿಗೆ ಹತ್ತು ವರ್ಷ, ನನ್ನ ತೊಡೆಯ ಮೇಲೆ ತೂಕಡಿಸುತ್ತಿದ್ದ. ಮರಡೋನಾ ತನ್ನ ಅಂಗಳದಿಂದ ಚೆಂಡು ಹಿಡಿದು ಒಬ್ಬೊಬ್ಬರನ್ನೇ ದಾಟಿ ಹೊರಟಾಗ ಯಾರೋ ಕಿರುಚಿದರು, ಅವನು ಬೆಚ್ಚಿ ಎದ್ದು ಕಣ್ಣುಜ್ಜಿ ನೋಡುವಷ್ಟರಲ್ಲಿ ಗೋಲಾಗಿತ್ತು. ಅವನು ಅರ್ಜೆಂಟೀನಾದವನಾದದ್ದು ಹಾಗೆ, ನಿನಗದು ಬಂದದ್ದು ಅವನಿಂದ.

ಆ ವಿಶ್ವಕಪ್ಪಿಗೆ ಎಂಟು ತಿಂಗಳು ಮೊದಲು, 1985ರ ಸೆಪ್ಟೆಂಬರ್ 19ರ ಬೆಳಿಗ್ಗೆ, ಆ ಊರಲ್ಲಿ ಭೀಕರ ಭೂಕಂಪವಾಗಿತ್ತು. ಸಾವಿರಾರು ಜನ ಸತ್ತರು. ನೆರೆಹೊರೆಯವರೇ ಕೈಯಲ್ಲಿ ಕಲ್ಲು ಎತ್ತಿ ಒಳಗೆ ಸಿಕ್ಕಿಕೊಂಡವರನ್ನು ತೆಗೆದರು. 2017ರಲ್ಲಿ ಅದೇ ತಾರೀಕಿಗೆ ಮತ್ತೆ ನಡುಗಿತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಅಲ್ಲಿ ನೆಲ ನಡುಗುವ ಮೊದಲು ಬೀದಿಯ ಧ್ವನಿವರ್ಧಕಗಳಲ್ಲಿ ಸೈರನ್ ಕೂಗುವ ವ್ಯವಸ್ಥೆಯಿದೆ. ಕೋಣೆಯ ಕೀಲಿ ಕೈಗೆ ಬಂದ ಕೂಡಲೇ, ಸೈರನ್ ಕೂಗಿದರೆ ಎಲ್ಲಿ ಹೋಗಿ ನಿಲ್ಲಬೇಕು ಎಂದು ಕೇಳಿ ತಿಳಿದುಕೊ. ವೈಫೈ ಪಾಸ್‌ವರ್ಡ್ ಆಮೇಲೆ.

ಇನ್ನು ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 1930 ಮೀಟರ್. ಆ ಊರು ಇರುವುದು 2240 ಮೀಟರ್‌ನಲ್ಲಿ, ನಮ್ಮ ರಾಜ್ಯದ ಅತಿ ಎತ್ತರದ ಶಿಖರಕ್ಕಿಂತ ಮುನ್ನೂರು ಮೀಟರ್ ಮೇಲೆ. ಮೊದಲೆರಡು ದಿನ ಮೆಟ್ಟಿಲು ಹತ್ತಿದರೆ ಏದುಸಿರು, ತಲೆನೋವು ಬಂದೀತು. ಪಂದ್ಯಕ್ಕೆ ಹಿಂದಿನ ದಿನ ಹೋಗಿ ಇಳಿಯಬೇಡ ಎನ್ನುವುದು ಅದಕ್ಕೇ. ಜೂನ್ ಅಲ್ಲಿ ಮಳೆಗಾಲ, ಮಧ್ಯಾಹ್ನದ ಮೇಲೆ ಸುರಿಯುತ್ತದೆ. ಕೊಡೆಗಿಂತ ತೆಳು ರೇನ್‌ಕೋಟ್ ಮೇಲು. ನಲ್ಲಿ ನೀರು ಕುಡಿಯಬೇಡ. ಪ್ರಯಾಣ ವಿಮೆ ಮಾಡಿಸು, ಅದರಲ್ಲಿ ಜಿಪುಣತನ ಬೇಡ.

ಆಸ್ತೆಕಾಕ್ಕೆ ಟ್ಯಾಕ್ಸಿ ನಂಬಿ ಕೂತರೆ ರಸ್ತೆಯಲ್ಲೇ ಮೊದಲರ್ಧ ಮುಗಿದೀತು. ಮೆಟ್ರೊದ ಎರಡನೇ ಮಾರ್ಗದಲ್ಲಿ ಕೊನೆಯ ನಿಲ್ದಾಣ ತಾಸ್ಕೆನ್ಯಾ, ಅಲ್ಲಿಂದ ಸಣ್ಣ ರೈಲು ಕ್ರೀಡಾಂಗಣದ ಹತ್ತಿರಕ್ಕೇ ಹೋಗುತ್ತದೆ. ಪಂದ್ಯಕ್ಕೆ ಎರಡು ದಿನ ಮೊದಲು ಒಮ್ಮೆ ಸುಮ್ಮನೆ ಹೋಗಿಬಂದು ದಾರಿ ನೋಡಿಟ್ಟುಕೊ. ಆ ಮೆಟ್ರೊದಲ್ಲಿ ಪ್ರತಿ ನಿಲ್ದಾಣಕ್ಕೂ ಹೆಸರಿನ ಜೊತೆ ಒಂದು ಚಿತ್ರ ಇದೆ, ಓದು ಬಾರದವರೂ ಗುರುತು ಹಿಡಿಯಲಿ ಎಂದು. ಚಪುಲ್ತೆಪೆಕ್‌ಗೆ ಮಿಡತೆ, ಏಕೆಂದರೆ ಆ ಊರ ಹಳೆಯ ಭಾಷೆಯಲ್ಲಿ ಅದರ ಅರ್ಥವೇ ಮಿಡತೆ ಗುಡ್ಡ. ಅಲ್ಲೇ ಇಳಿದು ಮಾನವಶಾಸ್ತ್ರ ಮ್ಯೂಸಿಯಂಗೆ ಹೋಗು, ಒಂದಿಡೀ ದಿನ ಇಟ್ಟುಕೊ, ಸೋಮವಾರ ರಜೆ. ಆಸ್ತೆಕಾ ಕ್ರೀಡಾಂಗಣವನ್ನು ರೂಪಿಸಿದ ಪೆದ್ರೊ ರಾಮಿರೆಸ್ ವಾಸ್ಕೆಸ್ ಅವರೇ ಇದನ್ನೂ ರೂಪಿಸಿದ್ದು. ಅಂಗಳದ ನಡುವೆ ಒಂದೇ ಕಂಬದ ಮೇಲೆ ನಿಂತ ಭಾರಿ ಚಾವಣಿ, ಅದರಿಂದ ಸುತ್ತ ಸುರಿಯುವ ನೀರು. ಆಟದ ಮನೆಯನ್ನೂ ಪೂರ್ವಿಕರ ಮನೆಯನ್ನೂ ಒಂದೇ ಕೈ ಕಟ್ಟಿದೆ ಎಂದು ಅಲ್ಲಿ ನಿಂತು ಒಂದು ಕ್ಷಣ ನೆನೆ.

ಊಟದ ಬಗ್ಗೆ ನಿಮ್ಮಮ್ಮನಿಗೆ ಆತಂಕ. ಹೇಳು ಅವಳಿಗೆ, ಮೆಣಸಿನಕಾಯಿ, ಟೊಮೆಟೊ, ಬೆಣ್ಣೆಹಣ್ಣಿನ ತವರಿಗೆ ಹೋಗುತ್ತಿದ್ದೇನೆ ಎಂದು. ನಮ್ಮ ಬ್ಯಾಡಗಿಯ ಮೂಲವೂ ಅಲ್ಲಿಯದೇ. ಅವರ ರೊಟ್ಟಿ ಮುಸುಕಿನ ಜೋಳದ್ದು. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ರುಬ್ಬಿ ತಟ್ಟುತ್ತಾರೆ. ಕುಂಬಳದ ಹೂವು, ಪಾಪಸುಕಳ್ಳಿಯ ಎಲೆ ಹಾಕಿ ಮಡಚಿಕೊಡುತ್ತಾರೆ. ಆದರೆ ಎಚ್ಚರ, ‘ಮಾಂಸ ಬೇಡ’ ಎಂದರೆ ಕೋಳಿ ಬಂದೀತು. ಕೋಳಿ, ಮೀನು ಒಂದೊಂದನ್ನೂ ಹೆಸರಿಟ್ಟು ಬೇಡ ಎನ್ನಬೇಕು. ಬೇಯಿಸಿದ ಬೀನ್ಸ್‌ಗೆ ಹಂದಿಕೊಬ್ಬು ಹಾಕುವುದುಂಟು, ಕೇಳು. ಊಟಕ್ಕೆ ಕೂತ ಅಪರಿಚಿತರನ್ನು ದಾಟಿ ಹೋಗುವಾಗ ಅವರು ‘ಪ್ರೊವೆಚೊ’ ಎನ್ನುತ್ತಾರೆ, ಊಟ ಮೈಗೆ ಹತ್ತಲಿ ಎಂಬ ಹಾರೈಕೆ. ನೀನೂ ಹೇಳು.

ಉಳಿಯುವ ಜಾಗದ ಬಗ್ಗೆ ನಿನ್ನ ಪಟ್ಟಿಯಲ್ಲಿ ರೋಮಾ, ಕೊಂದೇಸಾ ಬಡಾವಣೆಗಳ ಬಾಡಿಗೆ ಮನೆಗಳಿದ್ದವು. ಹೊರಗಿನವರಿಗೆ ದಿನಬಾಡಿಗೆಗೆ ಮನೆ ಕೊಡುವುದು ಹೆಚ್ಚಿ, ಅಲ್ಲೇ ಹುಟ್ಟಿದವರು ಬಾಡಿಗೆ ಕಟ್ಟಲಾರದೆ ಹೊರಡಬೇಕಾಗಿದೆ. 2025ರ ಜುಲೈನಲ್ಲಿ ಅದಕ್ಕಾಗಿ ಜನ ಬೀದಿಗಿಳಿದರು. ಬೆಂಗಳೂರಿನಲ್ಲಿ ಬಾಡಿಗೆ ಏರಿದಾಗ ನಮಗೇನಾಯಿತು ಎಂದು ನಿನಗೆ ಗೊತ್ತು. ಹಳೆಯ ಊರಿನ ಭಾಗದಲ್ಲಿ ಮನೆಯವರೇ ನಡೆಸುವ ಸಣ್ಣ ಹೋಟೆಲ್ ಹುಡುಕು. ರದ್ದು ಮಾಡಿದರೆ ಹಣ ವಾಪಸ್ ಬರುವಂಥದ್ದನ್ನೇ ಹಿಡಿ.

ಮಾಸ್ಕೊದಲ್ಲಿ ನಾನು ಕೂತಿದ್ದು ಮೆಕ್ಸಿಕನ್ನರ ನಡುವೆ. ಎದುರಾಳಿ ಗೋಲ್‌ಕೀಪರ್ ಚೆಂಡು ಒದೆಯುವಾಗೆಲ್ಲ ಅವರಲ್ಲಿ ಕೆಲವರು ಒಂದೇ ಪದ ಕೂಗುತ್ತಿದ್ದರು. ಬೇರೆ ದೇಶದ ಹುಡುಗರು ಅರ್ಥ ಗೊತ್ತಿಲ್ಲದೆ ಅವರ ಜೊತೆ ಕೂಗಿ ನಗುತ್ತಿದ್ದರು. ಅದು ಸಲಿಂಗಿಗಳನ್ನು ಹೀಗಳೆಯುವ ಬೈಗುಳ, ಆ ಪಂದ್ಯದ ಕೂಗಿಗಾಗಿಯೇ ಫಿಫಾ ಮೆಕ್ಸಿಕೊಗೆ ದಂಡ ಹಾಕಿತು. ಅರ್ಥ ತಿಳಿಯದ ಕೂಗಿಗೆ ನಿನ್ನ ದನಿ ಸೇರಿಸಬೇಡ, ಮಗು.

ಅದೇ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಒಬ್ಬ ಮುದುಕ ಕೂತಿದ್ದ. ಲೊಸಾನೊ ಗೋಲು ಹೊಡೆದಾಗ ಎದ್ದು ಕುಣಿಯಲಿಲ್ಲ, ಟೋಪಿ ತೆಗೆದು ಎದೆಗೆ ಒತ್ತಿಕೊಂಡು ಅತ್ತ. ಆಮೇಲೆ ನನ್ನ ಬಿಳಿ ಜರ್ಮನಿ ಅಂಗಿ ನೋಡಿ, ಜೇಬಿಗೆ ಕೈ ಹಾಕಿ ಕಾಗದ ಸುತ್ತಿದ ಮಿಠಾಯಿಯೊಂದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಬಾಯಿಗೆ ಹಾಕಿಕೊಂಡೆ. ಹುಣಸೆಹಣ್ಣು, ಖಾರ, ಉಪ್ಪು, ಸಕ್ಕರೆ. ನಿನ್ನ ದೊಡ್ಡಮ್ಮ ಕಡ್ಡಿಗೆ ಚುಚ್ಚಿಕೊಡುತ್ತಿದ್ದಳಲ್ಲ ಚಿಗಳಿ, ಅದೇ ರುಚಿ. ಅವರ ಮೆಣಸಿನಕಾಯಿ ನಮ್ಮಲ್ಲಿಗೆ ಬಂತು, ಹುಣಸೆ ಅವರಲ್ಲಿಗೆ ಹೋಯಿತು. ಅವನಿಗೆ ನನ್ನ ಭಾಷೆ ಬಾರದು, ನನಗೆ ಅವನದು. ಎದೆ ತಟ್ಟಿಕೊಂಡು ‘ಆಸ್ತೆಕಾ, ಆಸ್ತೆಕಾ’ ಎಂದು ಕೈ ಬೀಸಿ ಕರೆದ. ಬರುತ್ತೇನೆ ಎಂದು ತಲೆಯಾಡಿಸಿದ್ದೆ.

ಮುಂದಿನ ಭಾನುವಾರ ಗೆಳೆಯನನ್ನೂ ಕರೆದುಕೊಂಡು ಬಾ, ಇಬ್ಬರ ಪಾಸ್‌ಪೋರ್ಟಿನ ಅವಧಿ ಮುಗಿಯುವ ತಾರೀಕು ಒಟ್ಟಿಗೆ ನೋಡೋಣ. ದೊಡ್ಡಮ್ಮ ಚಿಗಳಿಗೆ ಹುಣಸೆ ನೆನೆಹಾಕುತ್ತೇನೆ ಎಂದಿದ್ದಾಳೆ. ಅಲ್ಲಿಂದ ಬರುವಾಗ ಆ ಮಿಠಾಯಿ ನಾಲ್ಕು ತಾ, ಪಕ್ಕದಲ್ಲಿಟ್ಟು ತಿಂದು ನೋಡಬೇಕಂತೆ ಅವಳಿಗೆ.

ನಿನ್ನ ದೊಡ್ಡಪ್ಪ