ಮನೆಮಂದಿ ಊರಿಗೆ ಹೋದಾಗ ಉಗ್ರಾಣದ ಬೆಕ್ಕಿನ ಪಾಲನೆ



ಕೊಯ್ಲು ಮುಗಿದು ಮೂಟೆಗಳು ಉಗ್ರಾಣ ಸೇರಿದ ಮೇಲೆಯೇ ನಮಗೆ ಊರು ಬಿಡಲು ಪುರಸೊತ್ತು ಸಿಗುವುದು. ಶಿವರಾತ್ರಿಗೆ ಮಲೆ ಮಹದೇಶ್ವರ ಬೆಟ್ಟ, ಹರಕೆ ಇದ್ದವರಿಗೆ ಧರ್ಮಸ್ಥಳ, ಆಮೇಲೆ ಸಾಲುಸಾಲಾಗಿ ನೆಂಟರ ಮನೆಯ ಮದುವೆಗಳು. ಹೊರಡುವ ಮುನ್ನ ಹಾಲು ಕರೆಯುವವರು ಯಾರು, ತೋಟಕ್ಕೆ ನೀರು ಕಟ್ಟುವವರು ಯಾರು ಎಂದು ಗೊತ್ತುಮಾಡಿಯೇ ಹೋಗುತ್ತೇವೆ. ಬೆಕ್ಕಿನ ಮಾತು ಬಂದರೆ ಮಾತ್ರ, "ಅದು ಇಲಿ ಹಿಡಿದು ತಿಂದುಕೊಂಡಿರುತ್ತದೆ ಬಿಡಿ" ಎಂದು ಬೀಗ ಹಾಕುತ್ತೇವೆ. ಈ ಮಾತು ಎಷ್ಟು ತಪ್ಪು, ಅದರಿಂದ ನಮಗಾಗುವ ನಷ್ಟವೇನು, ಮಾಡಬೇಕಾದ ಏರ್ಪಾಡೇನು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಎಲ್ಲರಿಗೂ ಗೊತ್ತು. ಇಲಿಕಾಟ ತಡೆಯಲು ಮನೆಗೊಂದು ಬೆಕ್ಕು ಕೊಟ್ಟ ಅರಸ, ಅದಕ್ಕೆ ಹಾಲೆರೆಯಲು ಹಸುವನ್ನೂ ಕೊಟ್ಟ. ರಾಮಕೃಷ್ಣನ ಚೇಷ್ಟೆಗೆ ನಗುತ್ತೇವೆ, ಅರಸನ ವಿವೇಕವನ್ನು ಮರೆಯುತ್ತೇವೆ. ಇಲಿ ಹಿಡಿಯುವ ಬೆಕ್ಕಿಗೂ ಊಟ ಹಾಕಬೇಕೆಂಬುದು ಆತನಿಗೆ ತಿಳಿದಿತ್ತು.

1. ಹಸಿದ ಬೆಕ್ಕು ಹೆಚ್ಚು ಇಲಿ ಹಿಡಿಯುವುದಿಲ್ಲ

ಬೇಟೆಯಾಡುವುದು ಬೆಕ್ಕಿನ ಹುಟ್ಟುಗುಣ. ಹೊಟ್ಟೆ ತುಂಬಿದ ಬೆಕ್ಕೂ ಇಲಿಯ ಸದ್ದಿಗೆ ಕಿವಿ ನಿಮಿರಿಸುತ್ತದೆ. ಊಟ ಸಿಗದ ಬೆಕ್ಕಾದರೋ ಅನ್ನ ಕಂಡ ಮನೆ ಹುಡುಕಿಕೊಂಡು ಹೋಗಿಬಿಡುತ್ತದೆ. ಹೀಗೆ ಕಾವಲು ತಪ್ಪಿದ ಉಗ್ರಾಣದಲ್ಲಿ ಗೋಣಿಚೀಲ ತೂತಾಗುತ್ತದೆ, ಬತ್ತ ಕೊಬ್ಬರಿಗಳು ಇಲಿಯ ಪಾಲಾಗುತ್ತವೆ, ಅಡಿಕೆ ಮತ್ತು ಕಾಫಿ ಮೂಟೆಗಳ ಮೇಲೆ ಇಲಿಯ ಹಿಕ್ಕೆ ಮೂತ್ರ ಬಿದ್ದು ಮಾಲು ಕೆಡುತ್ತದೆ. ಇಲಿಜ್ವರ ಹರಡುವುದೂ ಈ ಮೂತ್ರದಿಂದಲೇ. ಎಂದಮೇಲೆ ಬೆಕ್ಕಿನ ಊಟಕ್ಕೆ ಆಗುವ ಖರ್ಚು ಉಗ್ರಾಣದ ಖರ್ಚೇ ಎಂದು ತಿಳಿಯತಕ್ಕದ್ದು.

2. ಏನು ಹಾಕಬೇಕು, ಎಷ್ಟು ಹಾಕಬೇಕು

ಬೆಕ್ಕು ಮಾಂಸಾಹಾರಿ ಪ್ರಾಣಿ. ಟಾರಿನ್ ಎಂಬ ಪೋಷಕಾಂಶ ಅದಕ್ಕೆ ಮಾಂಸ ಮೀನುಗಳಿಂದಲೇ ಸಿಗಬೇಕು. ಅದಿಲ್ಲದೆ ತಿಂಗಳುಗಟ್ಟಲೆ ಕಳೆದರೆ ಕಣ್ಣು ಮತ್ತು ಹೃದಯ ಕೆಡುತ್ತವೆ. ಬರಿಯ ಹಾಲನ್ನ, ಮೊಸರನ್ನ ಸಾಲದು. ದೊಡ್ಡ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುವುದೂ ಉಂಟು.

ಮೂರೂವರೆ ಕೆ.ಜಿ. ತೂಗುವ ಬೆಕ್ಕಿಗೆ ದಿನಕ್ಕೆ ಎರಡು ಹೊತ್ತು ಊಟ ಬೇಕು. ಪ್ರತಿ ಹೊತ್ತಿಗೂ ಸುಮಾರು 40 ಗ್ರಾಂ ಅನ್ನ, ಅಷ್ಟೇ ತೂಕದ ಬೇಯಿಸಿದ ಮೀನು ಅಥವಾ ಕೋಳಿ ಮಾಂಸ ಹಾಕಿದರೆ ಸಾಕು. ಕೆಲವು ದಿನಗಳ ಮಟ್ಟಿಗೆ ಮೀನಿನ ಬದಲು ಬೇಯಿಸಿದ ಮೊಟ್ಟೆಯಾದರೂ ನಡೆಯುತ್ತದೆ. ಒಣಮೀನಾದರೆ ನೆನೆಸಿ, ಉಪ್ಪು ಹೋಗುವಂತೆ ತೊಳೆದು ಹಾಕತಕ್ಕದ್ದು. ಮೀನು ಮೊಟ್ಟೆ ತರದ ಮನೆಯವರಿಗೆ ಬೆಕ್ಕಿನ ಪ್ಯಾಕೆಟ್ ಆಹಾರವೇ ಅನುಕೂಲ. ಅದು ದಿನಕ್ಕೆ 50ರಿಂದ 60 ಗ್ರಾಂ ಸಾಕು. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರನ್ನು ಮಾತ್ರ ಹಾಕಕೂಡದು. ಬೆಕ್ಕಿನ ರಕ್ತಕಣಗಳು ಅದರಿಂದ ನಾಶವಾಗುತ್ತವೆ.

ಮರಿ ಹಾಕಿ ಹಾಲೂಡುತ್ತಿರುವ ಬೆಕ್ಕಿಗೆ ಇದರ ಎರಡು ಮೂರು ಪಟ್ಟು ಆಹಾರ ಬೇಕು. ಬೆಕ್ಕಿನ ಗರ್ಭ ಸುಮಾರು ಒಂಬತ್ತು ವಾರ. ಹೊಟ್ಟೆ ದೊಡ್ಡದಾಗಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಏರ್ಪಾಡು ಮಾಡಿ.

ಬೇಸಿಗೆಯಲ್ಲಿ ಎರಡು ಕಡೆ ಅಗಲಬಾಯಿಯ ಮಣ್ಣಿನ ಪಾತ್ರೆಯಲ್ಲಿ ನೀರಿಡಿ. ಊಟದ ಬಟ್ಟಲನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟರೆ ಇರುವೆ ಮುತ್ತುವುದಿಲ್ಲ.

3. ಎಷ್ಟು ದಿನಕ್ಕೆ ಯಾವ ಏರ್ಪಾಡು

ಒಂದು ರಾತ್ರಿಯ ಮಟ್ಟಿಗಾದರೆ ಒಣ ಆಹಾರ, ನೀರು ಇಟ್ಟು ಹೋಗಬಹುದು. ಅದಕ್ಕಿಂತ ಹೆಚ್ಚಾದರೆ ಯಾರಾದರೂ ದಿನಾ ಬಂದು ನೋಡಲೇಬೇಕು. ನಾಲ್ಕು ದಿನದ ಅನ್ನವನ್ನು ಒಟ್ಟಿಗೆ ಸುರಿದು ಹೋಗುವುದು ಏರ್ಪಾಡಲ್ಲ. ಮೊದಲ ದಿನವೇ ಅದು ಹಳಸುತ್ತದೆ, ಎರಡನೆಯ ದಿನ ನಾಯಿಯ ಪಾಲಾಗುತ್ತದೆ.

ಬೆಕ್ಕನ್ನು ಚೀಲದಲ್ಲಿ ಹಾಕಿ ನೆಂಟರ ಮನೆಗೆ ಬಿಟ್ಟು ಬರುವ ರೂಢಿಯೂ ಒಳ್ಳೆಯದಲ್ಲ. ಬೆಕ್ಕು ಜನಕ್ಕೆ ಒಗ್ಗಿದಷ್ಟೇ ಜಾಗಕ್ಕೂ ಒಗ್ಗಿದ ಪ್ರಾಣಿ. ಹೊಸ ಜಾಗದಲ್ಲಿ ಬಿಟ್ಟರೆ ಹಳೆಯ ಮನೆ ಹುಡುಕಿಕೊಂಡು ಹೊರಟು ರಸ್ತೆಯಲ್ಲಿ ಸಾಯುತ್ತದೆ. ಆದ್ದರಿಂದ ಬೆಕ್ಕು ಇದ್ದಲ್ಲೇ ಇರಲಿ, ನೋಡಿಕೊಳ್ಳುವವರು ಬರಲಿ. ಅವರು ಬೆಕ್ಕಿಗೆ ಗುರುತಿರುವವರಾಗಿರಬೇಕು. ಹೊರಡುವ ಎರಡು ಮೂರು ದಿನ ಮೊದಲೇ ಅವರ ಕೈಯಿಂದಲೇ ಊಟ ಹಾಕಿಸಿ.

ತಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರಿನಿಂದ 2023ರ ಜನವರಿವರೆಗೆ ಚಿರತೆ ದಾಳಿಗೆ ನಾಲ್ಕು ಜನ ಬಲಿಯಾದರು. ಇದನ್ನು ಮರೆಯಬಾರದು. ತೋಟದ ಮನೆಗೆ ಊಟ ಹಾಕಲು ಬರುವವರು ಬೆಳಗಾದ ಮೇಲೆ ಬಂದು, ಸಂಜೆ ಬೆಳಕಿರುವಾಗಲೇ ಹಿಂತಿರುಗಬೇಕು. ಮೀನು ಮಾಂಸದ ಉಳಿಕೆ ರಾತ್ರಿ ಹೊರಗೆ ಬಿದ್ದಿರಕೂಡದು. ಅದಕ್ಕೆ ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ ಬರುತ್ತದೆ.

4. ಇಲಿಪಾಷಾಣ: ಹೆಚ್ಚು ಬೆಕ್ಕು ಸಾಯುವ ತಪ್ಪು

"ಮನೆಯಲ್ಲಿ ಯಾರೂ ಇರುವುದಿಲ್ಲ, ಇಲಿಗೆ ಒಂದಿಷ್ಟು ಮದ್ದಿಟ್ಟು ಹೋಗೋಣ" ಎನ್ನಿಸುವುದು ಸಹಜ. ಬೆಕ್ಕಿರುವ ಮನೆಯಲ್ಲಿ ಇದು ಸಲ್ಲದು.

ಕಪ್ಪು ಪುಡಿಯಾಗಿ ಸಿಗುವ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದೊಡನೆ ಸೇರಿದಾಗ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಒಣಮೀನಿಗೆ ಬೆರೆಸಿಟ್ಟರೆ ಇಲಿಗಿಂತ ಮೊದಲು ಬೆಕ್ಕೇ ತಿನ್ನಬಹುದು. ಬಿಲ್ಲೆಯ ರೂಪದಲ್ಲಿ ಬರುವ ಬ್ರೋಮಡಿಯೊಲೋನ್ ಬೇರೆ ಬಗೆಯದು. ಅದನ್ನು ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ತೂಕಡಿಸುತ್ತ ಓಡಾಡುತ್ತದೆ. ಅಂಥ ಇಲಿ ಬೆಕ್ಕಿಗೆ ಸುಲಭದ ಬೇಟೆ. ವಿಷ ಬೆಕ್ಕಿನ ಮೈಗೂ ಸೇರಿ, ರಕ್ತ ಹೆಪ್ಪುಗಟ್ಟುವ ಗುಣ ಹೋಗುತ್ತದೆ. ಒಸಡು ಬಿಳಿಚುವುದು, ಮೂಗಿನಲ್ಲಿ ಅಥವಾ ಮಲದಲ್ಲಿ ರಕ್ತ, ಏದುಸಿರು ಇದರ ಲಕ್ಷಣಗಳು. ಇದಕ್ಕೆ ಕೆ1 ಜೀವಸತ್ವದ ಚಿಕಿತ್ಸೆ ಇದೆ. ಕೂಡಲೇ ಪಶುವೈದ್ಯರಲ್ಲಿಗೆ ಒಯ್ದರೆ ಉಳಿಯುವ ಸಂಭವವುಂಟು. ಮದ್ದಿನ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ.

ಆದ್ದರಿಂದ ಹೊರಡುವ ಮುನ್ನ ಹಿಂದೆ ಇಟ್ಟ ಮದ್ದನ್ನೆಲ್ಲ ಎಣಿಸಿ ತೆಗೆಯತಕ್ಕದ್ದು. ಇಲಿಗೆ ಬೋನು ಇಡಿ. ಬೋರ್ಡೋ ದ್ರಾವಣ ಕಲಸಿದ ಪೀಪಾಯಿಗಳನ್ನು ತೊಳೆದು ಕವುಚಿಡಿ. ಫಿನಾಯಿಲಿನಿಂದ ನೆಲ ಒರೆಸಿ ಬೆಕ್ಕನ್ನು ಅದರ ಮೇಲೆ ಓಡಾಡಲು ಬಿಡಬೇಡಿ. ಕಾಲು ನೆಕ್ಕಿದಾಗ ಅದೂ ವಿಷವೇ. ಬೆಕ್ಕು ಮಂಕಾಗಿದೆಯೆಂದು ನಮ್ಮ ಜ್ವರದ ಪ್ಯಾರಾಸಿಟಮಾಲ್ ಮಾತ್ರೆ ಕೊಡಲೇಕೂಡದು. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು.

5. ಬೀಗ ಹಾಕುವ ಮುನ್ನ

ಇದು ಈ ಲೇಖಕನೇ ಮಾಡಿದ ತಪ್ಪು. ಮದುವೆಗೆ ಹೊರಡುವ ಅವಸರದಲ್ಲಿ ಉಗ್ರಾಣದ ಮೂಟೆಗಳ ಹಿಂದೆ ನೋಡದೆ ಬೀಗ ಹಾಕಿದೆ. ಐದನೆಯ ದಿನ ಬಂದು ಬಾಗಿಲು ತೆರೆದಾಗ ಬೆಕ್ಕು ಒಳಗಿತ್ತು. ಜೀವವಿತ್ತು, ಆದರೆ ಮುಂದಿಟ್ಟ ಮೀನನ್ನು ಮೂಸಲೂ ಇಲ್ಲ. ಉಪವಾಸ ಬಿದ್ದ ಬೆಕ್ಕಿನ ಮೈಕೊಬ್ಬು ಯಕೃತ್ತಿಗೆ ಸೇರಿ ಕಾಮಾಲೆಯಾಗುತ್ತದೆಂದು ಪಶುವೈದ್ಯರು ಹೇಳಿದ ಮೇಲೆಯೇ ತಿಳಿದದ್ದು. ಕಿವಿ, ಒಸಡು ಹಳದಿಯಾಗಿ ವಾರದೊಳಗೆ ಸತ್ತಿತು. ಆ ಮಳೆಗಾಲದಲ್ಲಿ ಇಲಿ ಕೊರೆದ ಚೀಲಗಳನ್ನು ಹೊಲಿಯುವಾಗಲೆಲ್ಲ ಅದರ ನೆನಪಾಯಿತು. ಅಲ್ಲಿಂದೀಚೆಗೆ ಬೀಗ ಹಾಕುವ ಮುನ್ನ ಬೆಕ್ಕನ್ನು ಕಣ್ಣಾರೆ ಹೊರಗೆ ಕಂಡಲ್ಲದೆ ಕೀಲಿ ತಿರುಗಿಸುವುದಿಲ್ಲ.

ಹಳೆಯ ಮನೆಗಳಲ್ಲಿದ್ದಂತೆ ಉಗ್ರಾಣದ ಬಾಗಿಲಿನಲ್ಲಿ, ನೆಲದಿಂದ ಒಂದಡಿ ಮೇಲೆ, ಆರಂಗುಲ ಚೌಕದ ಕಿಂಡಿ ಬಿಡಿಸಿದರೆ ಈ ಭಯವೇ ಇರುವುದಿಲ್ಲ.

6. ನೋಡಿಕೊಳ್ಳುವವರಿಗೆ ಚೀಟಿ

ಬಾಯಿಮಾತು ಮರೆತುಹೋಗುತ್ತದೆ. ಒಂದು ಚೀಟಿ ಬರೆದು ಕೊಡಿ. ಮಾದರಿ ಹೀಗಿದೆ:

"ಅಕ್ಕಾ, ಭಾನುವಾರದಿಂದ ಗುರುವಾರದವರೆಗೆ ನಾವು ಇರುವುದಿಲ್ಲ. ಬೆಳಿಗ್ಗೆ ಎಂಟಕ್ಕೆ, ಸಂಜೆ ಐದಕ್ಕೆ ಊಟ ಹಾಕಿ, ನೀರು ಬದಲಾಯಿಸಿ. ಬೆಕ್ಕು ಕಣ್ಣಿಗೆ ಬಿತ್ತೇ, ಊಟ ಮಾಡಿತೇ ನೋಡಿ. ಒಂದು ಇಡೀ ದಿನ ಊಟ ಬಿಟ್ಟರೆ, ಪದೇಪದೇ ವಾಂತಿ ಮಾಡಿದರೆ, ಗಂಡುಬೆಕ್ಕು ಮೂತ್ರಕ್ಕೆ ಮುಕ್ಕಿದರೆ ಕೂಡಲೇ ಫೋನ್ ಮಾಡಿ. ಡಾಕ್ಟರ ನಂಬರು, ಆಟೋದವರ ನಂಬರು ಕೆಳಗಿದೆ. ಖರ್ಚಿಗೆ ಹಣ ಡಬ್ಬಿಯಲ್ಲಿದೆ."

ಗಂಡುಬೆಕ್ಕಿಗೆ ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲಿ ಪ್ರಾಣಕ್ಕೇ ಅಪಾಯ. ನಾವು ಬರುವವರೆಗೆ ಕಾಯಲಿ ಎನ್ನುವಂತಿಲ್ಲ.

ಇನ್ನೊಂದು ಮಾತು. ಪರರ ಕೈಗೆ ಒಪ್ಪಿಸುವ ಬೆಕ್ಕಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರಬೇಕು. ಮರಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದಂತೆ ಮುಂದಿನವು. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಲು ಅವರಿಗೆ ಹೇಳಿರಿ.

ನೆನಪಿಡಬೇಕಾದ ಅಂಶಗಳು

ಅ) ಒಂದು ರಾತ್ರಿಗಿಂತ ಹೆಚ್ಚಾದರೆ ದಿನಾ ಬಂದು ನೋಡುವವರು ಬೇಕು.
ಆ) ಬೆಕ್ಕನ್ನು ಬೇರೆಡೆ ಸಾಗಿಸಬೇಡಿ.
ಇ) ಇಲಿಪಾಷಾಣವನ್ನೆಲ್ಲ ತೆಗೆಯಿರಿ.
ಈ) ಬೆಕ್ಕು ಹೊರಗಿರುವುದನ್ನು ಕಂಡ ಮೇಲೆ ಬೀಗ ಹಾಕಿ.
ಉ) ಚೀಟಿ, ಫೋನ್ ನಂಬರು, ಖರ್ಚಿನ ಹಣ ಕೊಟ್ಟು ಹೊರಡಿ.

ನೋಡಿಕೊಂಡವರಿಗೆ ಬರುವಾಗ ಪ್ರಸಾದದ ಜೊತೆ ಅವರ ಶ್ರಮಕ್ಕೆ ತಕ್ಕ ಕೂಲಿಯನ್ನೂ ಕೊಡುವುದು ನ್ಯಾಯ. ಮುಂದಿನ ಸಲ ನೀವು ಕೇಳುವ ಮುನ್ನವೇ ಅವರು, "ಹೋಗಿಬನ್ನಿ, ನಾನು ನೋಡ್ಕೋತೀನಿ" ಎಂದಾರು.