ಒಡೆಯದೆ ನೋಡುವ ವಿದ್ಯೆ: ಉಕ್ಕಿನ ಬಿರುಕನ್ನು ಪತ್ತೆಮಾಡುವ ಬಗೆ

ಚೀಲದ ಅಡಿಕೆ ಹೇಗಿದೆಯೆಂದು ತಿಳಿಯಬೇಕಾದರೆ ಮಂಡಿಯಲ್ಲಿ ನಾಲ್ಕು ಅಡಿಕೆ ತೆಗೆದು ಒಡೆದು ನೋಡುತ್ತಾರೆ. ಒಡೆದ ನಾಲ್ಕು ಹೋದರೂ ಉಳಿದ ಮಾಲಿನ ಅಂದಾಜು ಸಿಗುತ್ತದೆ. ಕಾಫಿಯ ತೇವಾಂಶ ನೋಡುವ ವಿದ್ಯುತ್ ಮೀಟರಿನ ರೀತಿಯೇ ಬೇರೆ. ಬೀಜವನ್ನು ಅದರ ಬಟ್ಟಲಿಗೆ ಸುರಿದು, ಅಂಕಿ ಓದಿಕೊಂಡು, ಅದೇ ಬೀಜವನ್ನು ಮತ್ತೆ ಚೀಲಕ್ಕೆ ಹಾಕಬಹುದು. ಸೇತುವೆಯ ಸರಳು, ಅನಿಲದ ಸಿಲಿಂಡರು, ಬಾಯ್ಲರು, ರೈಲಿನ ಅಚ್ಚು ಇವುಗಳಿಗೆ ಅಡಿಕೆಯ ಪರೀಕ್ಷೆ ನಡೆಯುವುದಿಲ್ಲ. ಮುರಿದು ನೋಡಿದರೆ ಅದು ಗಟ್ಟಿಯಾಗಿತ್ತೆಂದು ತಿಳಿಯಬಹುದು, ಆದರೆ ಆಮೇಲೆ ಬಳಸಲು ಏನೂ ಉಳಿಯುವುದಿಲ್ಲ. ಆದುದರಿಂದ ವಸ್ತುವಿಗೆ ಕೇಡಾಗದಂತೆ ಅದರ ಒಳಗಿನ ಸ್ಥಿತಿ ತಿಳಿಯುವ ಒಂದು ಶಾಸ್ತ್ರವೇ ಬೆಳೆದಿದೆ. ಅದಕ್ಕೆ ಹಾನಿರಹಿತ ಪರೀಕ್ಷೆ ಎಂದು ಹೆಸರು.

ಇದು ಕಾರ್ಖಾನೆಯವರ ಪಾಠ, ನಮಗೇಕೆ ಎಂದು ಸದಸ್ಯರು ಕೇಳಬಹುದು. ನಮ್ಮಲ್ಲಿ ಅನೇಕರ ತೋಟ ಹೊಳೆಯಾಚೆ ಇದೆ. ಗೊಬ್ಬರ, ಮೈಲುತುತ್ತ, ಕೊಯ್ದ ಫಸಲು ಎಲ್ಲವೂ ತೂಗುಸೇತುವೆಯ ಮೇಲೆ ತಲೆಹೊರೆಯಲ್ಲಿ ಬರುತ್ತವೆ. ಮಕ್ಕಳು ಶಾಲೆಗೆ ಹೋಗುವುದೂ ಅದರ ಮೇಲೆಯೇ. ಸೇತುವೆ ಹೇಗಿದೆಯೆಂದು ಕೇಳಿದರೆ "ತಪಾಸಣೆ ಆಗಿದೆಯಂತೆ" ಎಂಬ ಉತ್ತರ ಬರುತ್ತದೆ. ಯಾರು, ಯಾವ ಜಾಗವನ್ನು, ಯಾವ ಸಾಧನದಿಂದ ನೋಡಿದರು ಎಂದು ಮುಂದೆ ಕೇಳುವವರು ಕಡಿಮೆ. ಪರೀಕ್ಷೆಯ ಪ್ರತಿಯೊಂದು ವಿಧಾನಕ್ಕೂ ಕಾಣುವುದು ಒಂದಿದ್ದರೆ ಕಾಣದಿರುವುದು ಇನ್ನೊಂದಿರುತ್ತದೆ. ಇದು ತಿಳಿದವನಿಗೆ ಮಾತ್ರ ಆ ಪ್ರಶ್ನೆ ಕೇಳಲು ಬರುತ್ತದೆ.

ಈ ಮಾತಿಗೆ ಅಮೆರಿಕದ ಒಂದು ಸೇತುವೆಯ ಕಥೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ವೆಸ್ಟ್ ವರ್ಜೀನಿಯಾದ ಪಾಯಿಂಟ್ ಪ್ಲೆಸೆಂಟ್ ಊರಿನ ಬಳಿ ಓಹಾಯೋ ನದಿಗೆ 1928ರಲ್ಲಿ ಒಂದು ತೂಗುಸೇತುವೆ ಕಟ್ಟಿದರು. ಬೆಳ್ಳಿಯ ಬಣ್ಣದ ಅಲ್ಯೂಮಿನಿಯಂ ಪೈಂಟು ಬಳಿದಿದ್ದರಿಂದ ಅದಕ್ಕೆ ಸಿಲ್ವರ್ ಬ್ರಿಡ್ಜ್ ಎಂದೇ ಹೆಸರಾಯಿತು. ಇದನ್ನು ತೂಗುಹಾಕಿದ್ದು ಉಕ್ಕಿನ ಹಗ್ಗದಿಂದಲ್ಲ, ಸರಪಳಿಯಿಂದ. ಎರಡು ತುದಿಯಲ್ಲೂ ತೂತುಳ್ಳ ಉದ್ದನೆಯ ಉಕ್ಕಿನ ಪಟ್ಟಿಗಳನ್ನು ಜೋಡಿ ಜೋಡಿಯಾಗಿ ಇಟ್ಟು, ತೂತಿನಲ್ಲಿ ದಪ್ಪ ಗೂಟ ತೂರಿಸಿ ಕೊಂಡಿ ಮಾಡಿದ್ದರು. ಒಂದು ಕೊಂಡಿಗೆ ಎರಡೇ ಪಟ್ಟಿ. ಒಂದು ಹೋದರೆ ಇನ್ನೊಂದಕ್ಕೆ ಭಾರ ಹೊರುವ ಶಕ್ತಿ ಇರಲಿಲ್ಲ.

1967ರ ಡಿಸೆಂಬರ್ 15ರ ಸಂಜೆ, ಸೇತುವೆಯ ಮೇಲೆ ವಾಹನಗಳು ಸಾಲುಗಟ್ಟಿ ನಿಂತಿದ್ದಾಗ, ಅದು ನೋಡನೋಡುತ್ತಿದ್ದಂತೆ ನದಿಗೆ ಬಿದ್ದಿತು. 46 ಜನ ಸತ್ತರು. ನದಿಯಿಂದ ಚೂರುಗಳನ್ನು ಎತ್ತಿ ಜೋಡಿಸಿ ನೋಡಿದಾಗ, ಒಂದು ಪಟ್ಟಿಯ ತೂತಿನ ಒಳಮೈಯಲ್ಲಿ ಹಳೆಯ ಬಿರುಕೊಂದು ಕಂಡುಬಂದಿತು. ಅದರ ಆಳ ಸುಮಾರು ಎರಡೂವರೆ ಮಿಲಿಮೀಟರು! ತುಕ್ಕು ಮತ್ತು ಎಳೆತ ಎರಡೂ ಸೇರಿ ವರ್ಷಗಟ್ಟಲೆ ಅದನ್ನು ಬೆಳೆಸಿದ್ದವು. ಉಕ್ಕು ಹೆಚ್ಚು ಗಡಸಾಗಿದ್ದುದರಿಂದ ಅಷ್ಟು ಸಣ್ಣ ಬಿರುಕೇ ಸಾಕಾಯಿತು, ಉಳಿದ ಭಾಗ ಒಮ್ಮೆಲೇ ಸೀಳಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಬಿರುಕು ಇದ್ದುದು ಗೂಟಕ್ಕೂ ತೂತಿಗೂ ನಡುವಿನ ಸಂದಿಯಲ್ಲಿ, ಹೊರಗಿನ ಕಣ್ಣಿಗೆ ಎಂದೂ ಕಾಣದ ಕಡೆ. ಕೊಂಡಿಯನ್ನು ಬಿಚ್ಚದೆ ಅದನ್ನು ಪತ್ತೆಮಾಡುವ ಯಾವ ಉಪಾಯವೂ ಆಗ ಇರಲಿಲ್ಲವೆಂದು ತನಿಖೆಯವರೇ ಹೇಳಿದರು. ಕೊಂಡಿ ಬಿಚ್ಚುವುದೆಂದರೆ ಸೇತುವೆಯನ್ನೇ ಬಿಚ್ಚಿದಂತೆ. ಆಳು ಹತ್ತಿ ಎಷ್ಟು ಸಲ ನೋಡಿದ್ದರೂ "ಸರಿಯಾಗಿದೆ" ಎಂದೇ ಬರೆಯುತ್ತಿದ್ದ, ಅದರಲ್ಲಿ ಸುಳ್ಳೂ ಇರುತ್ತಿರಲಿಲ್ಲ. ಅದೇ ಮಾದರಿಯ ಇನ್ನೊಂದು ಸೇತುವೆಯನ್ನು ಮುಚ್ಚಿ 1971ರಲ್ಲಿ ಕೆಡವಿದರು. ಅದೇ ವರ್ಷ ಅಮೆರಿಕದಲ್ಲಿ ಹೆದ್ದಾರಿ ಸೇತುವೆಗಳನ್ನು ಗೊತ್ತಾದ ಅವಧಿಗೊಮ್ಮೆ, ಗೊತ್ತಾದ ಕ್ರಮದಲ್ಲಿ ಪರೀಕ್ಷಿಸುವ ರಾಷ್ಟ್ರೀಯ ನಿಯಮ ಜಾರಿಗೆ ಬಂದಿತು.

ಇನ್ನು ವಿಧಾನಗಳ ವಿಚಾರ. ಎಲ್ಲಕ್ಕಿಂತ ಹಳೆಯದು ನಮ್ಮ ಮನೆಯ ಹೆಂಗಸರಿಗೆ ಗೊತ್ತಿರುವುದೇ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ಬಡಿದು ನೋಡುತ್ತಾರೆ. ಗಟ್ಟಿ ಮಡಕೆ ಠಣ್ ಎನ್ನುತ್ತದೆ, ಸೀಳಿದ್ದು ಒಡಕು ದನಿ ಕೊಡುತ್ತದೆ. ರೈಲ್ವೆಯವರು ಗಾಲಿಗಳನ್ನು ಸುತ್ತಿಗೆಯಿಂದ ಬಡಿದು ನೋಡುತ್ತಿದ್ದುದೂ ಇದೇ ತತ್ತ್ವದ ಮೇಲೆ. ದೊಡ್ಡ ಒಡಕು ಇದರಿಂದ ತಿಳಿಯುತ್ತದೆ, ಕೂದಲೆಳೆಯ ಬಿರುಕು ತಿಳಿಯುವುದಿಲ್ಲ.

ಕೂದಲೆಳೆಯ ಬಿರುಕಿಗೂ ರೈಲ್ವೆ ಕಾರ್ಖಾನೆಗಳಲ್ಲಿಯೇ ಒಂದು ಉಪಾಯ ಹುಟ್ಟಿತು. ಅಚ್ಚನ್ನು ಎಣ್ಣೆಯಲ್ಲಿ ನೆನೆಸಿ, ಮೇಲ್ಮೈಯನ್ನು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಲೇಪ ಕೊಡುತ್ತಿದ್ದರು. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಒಸರಿ ಬಂದು ಬಿಳಿಯ ಮೇಲೆ ಕಲೆಯ ಗೆರೆ ಮೂಡಿಸುತ್ತಿತ್ತು. ಇಂದು ಎಣ್ಣೆಯ ಬದಲು ಕಡುಗೆಂಪು ದ್ರವ, ಅಥವಾ ನೇರಳಾತೀತ ಬೆಳಕಿನಲ್ಲಿ ಹೊಳೆಯುವ ದ್ರವ ಬಳಸುತ್ತಾರೆ. ತತ್ತ್ವ ಬದಲಾಗಿಲ್ಲ. ಕಬ್ಬಿಣ, ಅಲ್ಯೂಮಿನಿಯಂ, ಹಿತ್ತಾಳೆ ಎಲ್ಲಕ್ಕೂ ಇದು ನಡೆಯುತ್ತದೆ. ಆದರೆ ಬಿರುಕಿನ ಬಾಯಿ ಮೇಲ್ಮೈಗೆ ತೆರೆದಿರಬೇಕು. ಒಳಗೇ ಹುದುಗಿದ ದೋಷ ಇದಕ್ಕೆ ಸಿಗುವುದಿಲ್ಲ. ಬಣ್ಣ, ಜಿಡ್ಡು, ತುಕ್ಕು ಬಾಯಿ ಮುಚ್ಚಿದ್ದರೂ ಸಿಗುವುದಿಲ್ಲ.

ಇದೊಂದನ್ನು ನಾವು ಮನೆಯಲ್ಲೇ ಒಂದು ಮಟ್ಟಿಗೆ ಮಾಡಬಹುದಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯನ್ನೇ ತೆಗೆದುಕೊಳ್ಳಿ. ಮೆಟ್ಟಿಲು ನಿಲುಗಂಬಕ್ಕೆ ಸೇರುವ ಬೆಸುಗೆ ಅಥವಾ ರಿವೆಟ್ಟಿನ ಬಳಿ ಆಳು ಹತ್ತಿ ಇಳಿಯುವ ಪ್ರತಿ ಸಲವೂ ಲೋಹ ಒಂದಿಷ್ಟು ಬಾಗುತ್ತದೆ. ಸಾವಿರಾರು ಸಲ ಬಾಗಿದ ಜಾಗದಲ್ಲಿ ಬಿರುಕು ಹುಟ್ಟುವುದು ಲೋಹದ ಸ್ವಭಾವ. ಬೋರ್ಡೋ ದ್ರಾವಣ ಸಿಡಿದ ಏಣಿಯಾದರೆ ಇನ್ನೂ ಜೋಕೆ. ಅದರಲ್ಲಿರುವ ತಾಮ್ರದ ಅಂಶ ಅಲ್ಯೂಮಿನಿಯಮ್ಮನ್ನು ಅಲ್ಲಲ್ಲಿ ಗುಳಿಬೀಳುವಂತೆ ತಿನ್ನುತ್ತದೆ. ಆ ಸಂದುಗಳನ್ನು ಸೋಪುನೀರಿನಿಂದ ತೊಳೆದು ಬಿಸಿಲಿಗೆ ಒಣಗಿಸಬೇಕು. ತಂತಿಯ ಬ್ರಷ್ಷಿನಿಂದ ಉಜ್ಜಬಾರದು. ಅಲ್ಯೂಮಿನಿಯಂ ಮೆದು ಲೋಹ, ಉಜ್ಜಿದರೆ ಬಿರುಕಿನ ಬಾಯಿಯೇ ಮುಚ್ಚಿಹೋಗುತ್ತದೆ. ಆಮೇಲೆ ಸೀಮೆಎಣ್ಣೆ ಸವರಿ ಅರ್ಧ ಗಂಟೆ ಬಿಡಬೇಕು. ಸೀಮೆಎಣ್ಣೆ ಈಗ ಹುಡುಕಿದರೂ ಸಿಗುವುದು ಕಷ್ಟ, ಡೀಸೆಲ್ ಆದರೂ ನಡೆಯುತ್ತದೆ. ಅನಂತರ ಒಣಬಟ್ಟೆಯಿಂದ ಜಿಡ್ಡು ಉಳಿಯದಂತೆ ಒರೆಸಿ, ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿ ಸ್ವಲ್ಪ ಹೊತ್ತು ಕಾಯಬೇಕು. ಒದ್ದೆಯ ಗೆರೆ ಎದ್ದಿತೋ, ಆ ಏಣಿಯನ್ನು ಮತ್ತೆ ಮರಕ್ಕೆ ಒರಗಿಸಬಾರದು. ಗೆರೆ ಏಳಲಿಲ್ಲವೆಂದರೆ ಈ ಒರಟು ಪರೀಕ್ಷೆಗೆ ಸಿಗುವಂಥ ಬಿರುಕು ಇಲ್ಲವೆಂದಷ್ಟೇ ಅರ್ಥ, ಏಣಿ ಗಟ್ಟಿ ಎಂಬ ಪ್ರಮಾಣಪತ್ರವಲ್ಲ. ಈ ಕೆಲಸ ಮಾಡುವಾಗ ಒಲೆಯ ಬಳಿ ಕೂರುವುದಾಗಲಿ ಬೀಡಿ ಸೇದುವುದಾಗಲಿ ಕೂಡದೆಂದು ಆಳುಗಳಿಗೆ ಹೇಳಿರಿ.

ಕಬ್ಬಿಣ, ಉಕ್ಕುಗಳಿಗೆ ಇನ್ನೊಂದು ದಾರಿಯಿದೆ. ವಸ್ತುವನ್ನು ಅಯಸ್ಕಾಂತವಾಗಿಸಿ ಮೇಲೆ ಸಣ್ಣ ಕಬ್ಬಿಣದ ಪುಡಿ ಉದುರಿಸಿದರೆ, ಬಿರುಕಿದ್ದ ಕಡೆ ಕಾಂತಶಕ್ತಿ ಹೊರಕ್ಕೆ ಸೋರಿ ಪುಡಿಯನ್ನು ಗೆರೆಯಾಗಿ ಹಿಡಿದಿಡುತ್ತದೆ. ಮೇಲ್ಮೈಗೆ ತುಸು ಕೆಳಗಿರುವ ಬಿರುಕೂ ಸಿಗುತ್ತದೆ. ಆದರೆ ಕಾಂತರೇಖೆಗೆ ಅಡ್ಡಲಾಗಿರುವ ಬಿರುಕು ಕಾಣುತ್ತದೆಯೇ ಹೊರತು ಅದರ ಜೊತೆಗೇ ಉದ್ದಕ್ಕೆ ಓಡುವುದು ಕಾಣುವುದಿಲ್ಲ. ಬಲ್ಲ ಪರೀಕ್ಷಕನು ಎರಡು ದಿಕ್ಕಿನಲ್ಲೂ ಅಯಸ್ಕಾಂತ ಹಿಡಿಯುತ್ತಾನೆ. ಅಲ್ಯೂಮಿನಿಯಮ್ಮಿಗೆ ಇದು ಉಪಯೋಗವಿಲ್ಲ.

ದಪ್ಪ ಲೋಹದ ಒಳಹೊಕ್ಕು ನೋಡಲು ಶ್ರವಣಾತೀತ ತರಂಗಗಳಿವೆ. ಕಣಿವೆಯಲ್ಲಿ ನಿಂತು ಕೂಗಿದರೆ ಎದುರಿನ ಗುಡ್ಡದಿಂದ ಮಾರ್ದನಿ ಬರುವುದಲ್ಲವೆ? ಮಾರ್ದನಿ ಬರಲು ಹಿಡಿದ ಹೊತ್ತಿನಿಂದ ಗುಡ್ಡ ಎಷ್ಟು ದೂರವೆಂದು ಲೆಕ್ಕ ಹಾಕಬಹುದು. ಇಲ್ಲಿಯೂ ಹಾಗೆಯೇ. ಕಿವಿಗೆ ಕೇಳಿಸದ ಧ್ವನಿಯನ್ನು ಲೋಹದೊಳಗೆ ಕಳುಹಿಸಿ, ಹಿಂಬದಿಯ ಮೈಗೆ ತಾಗಿ ಬರುವ ಮಾರ್ದನಿಯ ಕಾಲ ಅಳೆಯುತ್ತಾರೆ. ಉಕ್ಕಿನಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 5,900 ಮೀಟರು ಓಡುತ್ತದೆ. 10 ಮಿಲಿಮೀಟರ್ ದಪ್ಪದ ಹಲಗೆಯಲ್ಲಿ ಹೋಗಿಬರಲು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಂಥ ಮೂರೂವರೆ ಭಾಗವೂ ಬೇಡ. ಮಾರ್ದನಿ ಅದಕ್ಕಿಂತ ಬೇಗ ಬಂದರೆ ಹಲಗೆ ತೆಳುವಾಗಿದೆ, ಇಲ್ಲವೇ ನಡುವೆ ಏನೋ ಅಡ್ಡ ನಿಂತಿದೆ ಎಂದು ತಿಳಿಯುತ್ತದೆ. ಒಳಗಿನಿಂದ ತುಕ್ಕು ತಿಂದ ಕೊಳವೆಯ ದಪ್ಪ ಎಷ್ಟು ಉಳಿದಿದೆಯೆಂದು ಹೊರಗಿನಿಂದಲೇ ಅಳೆಯಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಸಾಧನಕ್ಕೂ ಲೋಹಕ್ಕೂ ನಡುವೆ ಗ್ರೀಸಿನಂಥ ಲೇಪ ಬೇಕು; ತೆಳುವಾದ ಗಾಳಿಯ ಪದರವಿದ್ದರೂ ಧ್ವನಿ ಒಳಗೆ ಹೋಗದೆ ಹಿಂದಿರುಗಿಬಿಡುತ್ತದೆ.

ಕ್ಷ-ಕಿರಣ ಮತ್ತು ಗಾಮಾ ಕಿರಣಗಳಿಂದ ಬೆಸುಗೆಯ ಚಿತ್ರ ತೆಗೆಯುವುದು ದೊಡ್ಡ ಕಾರ್ಖಾನೆಗಳ ಕೆಲಸ. ಗಾಳಿಗುಳ್ಳೆಗಳು ಚಿತ್ರದಲ್ಲಿ ಚೆನ್ನಾಗಿ ಬೀಳುತ್ತವೆ. ಕಿರಣಕ್ಕೆ ಓರೆಯಾಗಿರುವ ತೆಳು ಬಿರುಕು ತಪ್ಪಿಸಿಕೊಳ್ಳಬಹುದು.

ಸಾಧನ ಎಷ್ಟೇ ಉತ್ತಮವಾಗಿದ್ದರೂ ಕೊನೆಗೆ ನೋಡುವುದು ಮನುಷ್ಯನ ಕಣ್ಣು. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಡಿಸಿ-10 ವಿಮಾನವೊಂದು ಇಳಿಯುವಾಗ ಒಡೆದುಹೋಯಿತು. ಬಾಲದ ಎಂಜಿನಿನ ಟೈಟಾನಿಯಂ ಚಕ್ರವೊಂದು ಹಾರುತ್ತಿರುವಾಗಲೇ ಸಿಡಿದು, ಚಾಲನೆಯ ಕೊಳವೆಗಳನ್ನೆಲ್ಲ ಕತ್ತರಿಸಿಹಾಕಿತ್ತು. ಒಟ್ಟು 112 ಜನ ಸತ್ತರು. ಆ ಚಕ್ರಕ್ಕೆ ಹಿಂದಿನ ವರ್ಷವೇ ಹೊಳೆಯುವ ದ್ರವದ ಪರೀಕ್ಷೆ ಆಗಿತ್ತು. ಬಿರುಕು ಆಗಲೇ ಸುಮಾರು ಅರ್ಧ ಅಂಗುಲ ಉದ್ದವಿತ್ತು, ಕಾಣಿಸಬೇಕಿತ್ತು ಎಂದು ತನಿಖೆ ತೀರ್ಮಾನಿಸಿತು. ಸಿಲ್ವರ್ ಬ್ರಿಡ್ಜಿನಲ್ಲಿ ಕಣ್ಣು ಹೋಗಲಾರದ ಕಡೆ ಬಿರುಕಿತ್ತು. ಇಲ್ಲಿ ಕಣ್ಣೆದುರಿಗೇ ಇತ್ತು. ದಿನವಿಡೀ ಒಂದೇ ತರಹದ ನೂರು ವಸ್ತು ನೋಡಿ ಒಂದರಲ್ಲೂ ದೋಷ ಕಾಣದವನು ನೂರೊಂದನೆಯದರಲ್ಲಿ ದೋಷವಿರಬಹುದೆಂದು ನಿರೀಕ್ಷಿಸುವುದು ಕಷ್ಟ. ಅಡಿಕೆ ವಿಂಗಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಅಡುಗೆಮನೆಯ ಅನಿಲ ಸಿಲಿಂಡರಿಗೆ ನಡೆಯುವುದು ನೀರಿನ ಒತ್ತಡದ ಪರೀಕ್ಷೆ. ಅದರ ಕೊರಳಿನ ಪಟ್ಟಿಯೊಂದರ ಒಳಮೈಯಲ್ಲಿ ಎ, ಬಿ, ಸಿ, ಡಿ ಎಂಬ ಇಂಗ್ಲಿಷ್ ಅಕ್ಷರಗಳಲ್ಲೊಂದು ಮತ್ತು ಇಸವಿಯ ಕೊನೆಯ ಎರಡು ಅಂಕಿ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚಿಯವರೆಗೆ, ಹೀಗೆ ಮೂರು ಮೂರು ತಿಂಗಳಂತೆ ಡಿ ಎಂದರೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಆ ಅವಧಿಯಲ್ಲಿ ಮುಂದಿನ ಪರೀಕ್ಷೆ ಆಗಬೇಕೆಂದು ಅರ್ಥ. ಅವಧಿ ಮೀರಿದ ಸಿಲಿಂಡರು ಬಂದರೆ ತೆಗೆದುಕೊಳ್ಳದೆ ಹಿಂದಿರುಗಿಸಿರಿ. ಪರೀಕ್ಷೆಗೆ ಗಾಳಿ ಬಿಟ್ಟು ನೀರನ್ನೇ ಬಳಸುವುದಕ್ಕೆ ಕಾರಣವಿದೆ. ನೀರು ಒತ್ತಿದರೆ ಕುಗ್ಗುವುದು ತೀರ ಕಡಿಮೆ. ಪಾತ್ರೆ ಸೀಳಿದರೂ ನೀರು ಚಿಮ್ಮಿ ಒತ್ತಡ ಇಳಿದುಹೋಗುತ್ತದೆ. ಒತ್ತಿ ತುಂಬಿದ ಗಾಳಿ ಹಾಗಲ್ಲ, ಅದು ಸಿಡಿಯುತ್ತದೆ. ಸ್ಪ್ರೇಯರಿನ ಹಳೆಯ ಒತ್ತಡದ ಪಾತ್ರೆಗೆ ಪಂಕ್ಚರ್ ಅಂಗಡಿಯ ಗಾಳಿ ಹಿಡಿಸಿ "ಸೋರುತ್ತದೆಯೋ ನೋಡೋಣ" ಎನ್ನುವ ಪದ್ಧತಿಯನ್ನು ನಮ್ಮ ಸದಸ್ಯರು ದಯವಿಟ್ಟು ಬಿಡಬೇಕು.

ತೂಗುಸೇತುವೆಗೆ ಮರಳೋಣ. ಗುಜರಾತಿನ ಮೋರ್ಬಿಯಲ್ಲಿ ಮಚ್ಛು ನದಿಯ ಹಳೆಯ ತೂಗುಸೇತುವೆಯನ್ನು ದುರಸ್ತಿ ಮಾಡಿ 2022ರ ಅಕ್ಟೋಬರ್ 26ರಂದು ತೆರೆದರು. 30ರಂದು ಅದು ಬಿದ್ದು 135 ಜನ ಸತ್ತರು. ವಿಶೇಷ ತನಿಖಾ ತಂಡದ ಪ್ರಾಥಮಿಕ ವರದಿಯಂತೆ, ತುಂಡಾದ ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ತುಕ್ಕು ಹಿಡಿದಿದ್ದವು, ಅವು ಮೊದಲೇ ಕಡಿದಿದ್ದಿರಬಹುದು. ನಡೆಯುವ ಹಲಗೆ ಹೊಸದಾಗಿತ್ತು, ಹೊರುವ ಹಗ್ಗ ಹಳೆಯದೇ. ತೆರೆಯುವ ಮುನ್ನ ಭಾರದ ಪರೀಕ್ಷೆಯೂ ಆಗಿರಲಿಲ್ಲ.

ನಮ್ಮ ಸೀಮೆಯಲ್ಲಿ ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಕಟ್ಟಿದ ತೂಗುಸೇತುವೆಯಿಂದ ಮೊದಲಾಗಿ ಅಂಥ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಹೊಳೆಯಾಚೆಯ ಎಷ್ಟೋ ತೋಟಗಳು ಬದುಕಿದ್ದು ಅವರಿಂದ. ಆದರೆ ಯಾರೇ ಕಟ್ಟಿರಲಿ, ಉಕ್ಕಿಗೆ ವಯಸ್ಸಾಗುತ್ತದೆ. ಮಲೆನಾಡಿನ ಮಳೆಯಲ್ಲಿ ತುಸು ಬೇಗನೆ ಆಗುತ್ತದೆ. ಉಕ್ಕಿನ ಹಗ್ಗ ಹೊರಗೆ ಗ್ರೀಸು ಬಳಿದು ಮಿರಮಿರ ಮಿಂಚುತ್ತಿದ್ದರೂ ಎಳೆಗಳ ನಡುವೆ ನೀರು ನಿಂತು ಒಳಗಿನಿಂದ ಸವೆಯಬಹುದು. ಇದನ್ನು ಹಿಡಿಯಲು ಹಗ್ಗವನ್ನು ಬಲವಾಗಿ ಅಯಸ್ಕಾಂತವಾಗಿಸಿ ಅದರ ಉದ್ದಕ್ಕೂ ಸಾಗುವ ಉಪಕರಣವಿದೆ. ಗಣಿಗಳಲ್ಲಿ, ರೋಪ್‌ವೇಗಳಲ್ಲಿ ಅದನ್ನು ಬಳಸುತ್ತಾರೆ. ಕಡಿದ ತಂತಿಯನ್ನೂ ಸವೆದ ಲೋಹವನ್ನೂ ಅದು ತೋರಿಸುತ್ತದೆ. ಕಾಂಕ್ರೀಟಿನೊಳಗೆ ಹುಗಿದ ತುದಿಗೆ ಮಾತ್ರ ಅದು ತಲುಪದು.

ಮುಂದೆ ಎಂಜಿನಿಯರು ಸೇತುವೆ ನೋಡಲು ಬಂದಾಗ ಊರವರು ಜೊತೆಯಲ್ಲಿ ನಿಂತು ಕೆಲವು ವಿಷಯ ಕೇಳಬೇಕು. ಹಗ್ಗ ಕಾಂಕ್ರೀಟಿನೊಳಗೆ ಇಳಿಯುವ ಜಾಗದ ಮಣ್ಣು, ಎಲೆ ಸರಿಸಿ ನೋಡಿದರೆ? ಗೋಪುರದ ತಲೆಯ ಮೇಲೆ ಹಗ್ಗ ಬಾಗುವ ಕಡೆ ಯಾರಾದರೂ ಹತ್ತಿದರೆ? ಕ್ಲಾಂಪು ಸಡಿಲಿಸಿ ಅದರ ಅಡಿಯ ತಂತಿ ನೋಡಿದರೆ? ನೋಡಲಾಗದೆ ಉಳಿದ ಜಾಗ ಯಾವುದು, ಅದನ್ನು ವರದಿಯಲ್ಲಿ ಬರೆದಿದ್ದಾರೆಯೆ? ಈ ಕಡೆಯ ಪ್ರಶ್ನೆಯೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು.

ಮಳೆ ಬಿಟ್ಟು ಕೊಯ್ಲು ಹತ್ತುವ ಮೊದಲು, ವರ್ಷಕ್ಕೊಮ್ಮೆ, ಮುಖ್ಯ ಹಗ್ಗದ ಗೊತ್ತಾದ ಆರೆಂಟು ಜಾಗಗಳಿಗೆ ಬಣ್ಣದ ಗುರುತು ಹಾಕಿ, ಅಲ್ಲಿಯ ದಪ್ಪವನ್ನು ವರ್ನಿಯರ್ ಅಳತೆಗೋಲಿನಿಂದ ಅಳೆದು, ಒಂದು ಗೇಣಿನಲ್ಲಿ ಎಷ್ಟು ತಂತಿ ಕಡಿದಿವೆಯೆಂದು ಎಣಿಸಿ ಬರೆದಿಡಬಹುದು. ಇದಕ್ಕೆ ಎಂಜಿನಿಯರು ಬೇಕಾಗಿಲ್ಲ, ಹೈಸ್ಕೂಲು ಓದಿದ ಹುಡುಗರು ಸಾಕು. ಎಂಜಿನಿಯರು ಬಂದಾಗ ಹತ್ತು ವರ್ಷದ ಅಳತೆ ಕೈಗಿತ್ತರೆ ಅವರ ಕೆಲಸವೂ ಹಗುರವಾಗುತ್ತದೆ. ಪುಸ್ತಕದ ಒಂದು ಪ್ರತಿ ಗ್ರಾಮ ಪಂಚಾಯತಿಯಲ್ಲಿರಲಿ, ಇನ್ನೊಂದನ್ನು ಸಂಘದ ಕಚೇರಿಯಲ್ಲಿ ಇಟ್ಟುಕೊಳ್ಳೋಣ.