ಡಿಸ್ಕ್ ಮೇಲೆ ಗೂಬೆ ಕೂರಿಸುವ ಮುನ್ನ

ಕಳಸದಂಥ ಮಳೆಯೂರಿನಲ್ಲಿ ಸ್ಟೋರೇಜ್ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಕೆಲಸ ನನಗೆ ಕಲಿಸಿದ್ದು ಇಷ್ಟು: ಒಂದೇ ಸ್ಲಾಟಿನಲ್ಲಿ ಎರಡನೇ ಹಾರ್ಡ್ ಡಿಸ್ಕೂ ಕೈಕೊಟ್ಟರೆ ಮೂರನೆಯದಕ್ಕೆ ದುಡ್ಡು ಸುರಿಯಬೇಡಿ, ಹಿಂದಿರುವ ಬ್ಯಾಕ್‌ಪ್ಲೇನ್ ನೋಡಿ. ಡಿಸ್ಕ್‌ಗಳೆಲ್ಲ ಕಚ್ಚಿಕೊಳ್ಳುವ ಆ ಬೋರ್ಡಿನ ಮೂಲಕವೇ ಕರೆಂಟೂ ಡೇಟಾವೂ ಓಡಾಡುತ್ತವೆ. ದೊಡ್ಡ ಪೆಟ್ಟಿಗೆಗಳಲ್ಲಿ ಪವರ್ ಸಪ್ಲೈ ಎರಡು, ಕಂಟ್ರೋಲರ್ ಎರಡು. ರೇಡ್ ಇರುವುದರಿಂದ ಒಂದು ಡಿಸ್ಕ್ ಹೋದರೂ ಕೆಲಸ ನಿಲ್ಲದು. ಬ್ಯಾಕ್‌ಪ್ಲೇನ್ ಮಾತ್ರ ಸಾಮಾನ್ಯವಾಗಿ ಒಂಟಿ. ಸಾಕ್ಷಿ ಬೇಕೆಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿ ತೆರೆಯಿರಿ. ಸಾಟಾ ಡಿಸ್ಕಿನಲ್ಲಿ 5 ಮತ್ತು 197ನೇ ಸಾಲಿನ ಅಂಕಿ ಏರುತ್ತಿದ್ದರೆ ಒಳಗಿನ ತಟ್ಟೆಯೇ ಹಾಳಾಗುತ್ತಿದೆ ಎಂದರ್ಥ. ಅವು ಸೊನ್ನೆಯಲ್ಲೇ ಇದ್ದು 199ನೇ ಸಾಲಿನ ಸಿಆರ್‌ಸಿ ಎಣಿಕೆ ಮಾತ್ರ ಏರುತ್ತಿದ್ದರೆ ಡೇಟಾ ಕೆಡುತ್ತಿರುವುದು ದಾರಿಯಲ್ಲಿ. ಈ ಎಣಿಕೆ ಒಮ್ಮೆ ಏರಿದರೆ ಇಳಿಯುವುದಿಲ್ಲ, ಹಾಗಾಗಿ ಅಂಕಿಗಿಂತ ಅದರ ಓಟ ಮುಖ್ಯ. ಮೊದಲು ಕೇಬಲ್ ಬದಲಿಸಿ ನೋಡಿ. ಆಮೇಲೂ ಡಿಸ್ಕ್ ಯಾವುದಾದರೂ ತೊಂದರೆ ಅದೇ ಸ್ಲಾಟಿಗೆ ಅಂಟಿಕೊಂಡಿದ್ದರೆ ಅನುಮಾನ ಬಹುಪಾಲು ತೀರಿತು.

ಬ್ಯಾಕ್‌ಪ್ಲೇನ್‌ನಲ್ಲಿ ತಿರುಗುವ ಭಾಗವೇ ಇಲ್ಲ, ಅದು ಕೆಡುವುದು ಅಪರೂಪ, ಬಿಡಿಭಾಗ ತಂದಿಟ್ಟು ಏನು ಪ್ರಯೋಜನ ಎನ್ನುವವರಿದ್ದಾರೆ. ಅಪರೂಪ ಎಂಬುದು ನಿಜ, ಆದರೆ ಆ ಲೆಕ್ಕ ಏಸಿ ಹಾಕಿದ ಒಣ ಕೋಣೆಯದು. ಆರಿದ್ರಾದಿಂದ ಆಶ್ಲೇಷದವರೆಗೆ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಕರೆಂಟು ಹೋಗಿ ಪೆಟ್ಟಿಗೆ ತಣ್ಣಗಾದಾಗ ಥಂಡಿ ಗಾಳಿಗೆ ತೆರೆದಿರುವುದು ಕನೆಕ್ಟರಿನ ಪಿನ್ನುಗಳೇ. ಅವುಗಳ ಚಿನ್ನದ ಲೇಪ ತೀರಾ ತೆಳು. ಅದು ಸವೆದಲ್ಲಿ ಕಿಲುಬು ಶುರು. ಸಾಟಾ ನಿಯಮದ ಪ್ರಕಾರ ಬ್ಯಾಕ್‌ಪ್ಲೇನ್ ಕನೆಕ್ಟರ್ 500 ಸಲ ಹಾಕಿ ತೆಗೆಯುವುದನ್ನು ತಾಳಬೇಕು. ಅಷ್ಟು ಸಲ ಯಾರೂ ತೆಗೆಯುವುದಿಲ್ಲ ಬಿಡಿ, ಆದರೆ ಆ ಸಂಖ್ಯೆಯಲ್ಲಿ ಮಲೆನಾಡಿನ ಮಳೆಗಾಲ ಸೇರಿಲ್ಲ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಎಲ್ಲವನ್ನೂ ಕ್ಲೌಡಿಗೆ ಹಾಕಿದರೆ ಈ ರಗಳೆಯೇ ಇಲ್ಲವಲ್ಲ? ಪಹಣಿಯ ಮಟ್ಟಿಗೆ ಒಪ್ಪುತ್ತೇನೆ. 2022ರಲ್ಲಿ ಕೇಂದ್ರ ಒಪ್ಪಿದ ಯೋಜನೆಯಂತೆ ಕೃಷಿ ಸಹಕಾರ ಸಂಘಗಳ ಲೆಕ್ಕವೂ ಅದೇ ದಾರಿ ಹಿಡಿದಿದೆ. ಆದರೆ ಎಸ್ಟೇಟಿನ ಹತ್ತಾರು ಕ್ಯಾಮೆರಾಗಳ ರೆಕಾರ್ಡಿಂಗ್, ಡ್ರೋನ್ ಸರ್ವೆಯ ಚಿತ್ರಗಳು ಮಳೆಯಲ್ಲಿ ತೂಗುಯ್ಯಾಲೆಯಾಡುವ ಇಂಟರ್‌ನೆಟ್ಟಿನಲ್ಲಿ ಬೆಂಗಳೂರು ಸೇರುವುದು ಕಷ್ಟ. ಘಾಟಿಯಲ್ಲಿ ಗುಡ್ಡ ಕುಸಿದರೆ ಕೊರಿಯರೂ ಬರದು. ಹಾಗಾಗಿ ಮೇ ತಿಂಗಳೊಳಗೇ ಬಿಡಿಭಾಗ ಕಪಾಟಿನಲ್ಲಿರಲಿ.

ಅದು ಬೆಂಗಳೂರಿನ ಎಸ್‌ಪಿ ರೋಡಿನ ಹಳೇ ಮಾಲಾದರೂ ಅಡ್ಡಿಯಿಲ್ಲ. ನೋಡಲು ಒಂದೇ ಥರ ಇದ್ದರೆ ಸಾಲದು, ಪಾರ್ಟ್ ನಂಬರೂ ರಿವಿಷನ್ನೂ ತಾಳೆಯಾಗಬೇಕು. ಬ್ಯಾಕಪ್ ಕೈಯಲ್ಲಿಲ್ಲದೆ ಬಿಚ್ಚಬೇಡಿ. ಮೊದಲೇ ಒಂದು ಡಿಸ್ಕ್ ಕಳೆದುಕೊಂಡ ರೇಡ್ 5ರಲ್ಲಿ ಪರೀಕ್ಷೆಗೆಂದು ಇನ್ನೊಂದನ್ನು ಎಳೆದರೆ ಇದ್ದದ್ದೂ ಹೋಯಿತು. ಪೆಟ್ಟಿಗೆ ಪೂರ್ತಿ ಆಫ್ ಮಾಡಿ, ಪ್ರತಿ ಡಿಸ್ಕಿಗೂ ಸ್ಲಾಟ್ ನಂಬರಿನ ಚೀಟಿ ಅಂಟಿಸಿ. ಕೆಲವು ಪೆಟ್ಟಿಗೆಗಳು ತಮ್ಮ ಗುರುತಿನ ಸಂಖ್ಯೆಯನ್ನು ಈ ಬೋರ್ಡಿನಲ್ಲೇ ಇಟ್ಟುಕೊಂಡಿರುತ್ತವೆ. ಹೊಸದಕ್ಕೆ ಅದನ್ನು ಮತ್ತೆ ಬರೆಯುವ ವಿಧಾನವನ್ನು ಸ್ಕ್ರೂ ಬಿಚ್ಚುವ ಮೊದಲೇ ಮ್ಯಾನ್ಯುಯಲ್‌ನಲ್ಲಿ ಹುಡುಕಿಟ್ಟುಕೊಳ್ಳಿ.